ಕ್ಲೈಂಟ್ ಸೈಟ್ ಲೈವ್ ಮಾಡೋ ಮುಂಚೆ ಜೊತೆ ಡೆವಲಪರ್‌ಗಳಿಂದ ಫೀಡ್‌ಬ್ಯಾಕ್ ತಗೊಳ್ಳೋದು ಹೇಗೆ

ಸೈಟ್ ರೆಡಿ ಆಯ್ತು ಅಂತ ಲಿಂಕ್‌ನ ಗ್ರೂಪಿಗೆ ಹಾಕಿ "ಹೇಗಿದೆ ನೋಡ್ರೋ" ಅಂದ್ರೆ ಬರೋದು ಎರಡು ಥಂಬ್ಸಪ್ಪು, ಒಂದು "ಸೂಪರ್ ಮಗಾ", ಅಷ್ಟೇ. ಏನು ನೋಡ್ಬೇಕು ಅಂತ ಹೇಳ್ದೆ ಇದ್ರೆ ಯಾರಾದ್ರೂ ಇನ್ನೇನು ಹೇಳ್ತಾರೆ? ಫೀಡ್‌ಬ್ಯಾಕ್ ಬೇಕು ಅಂದ್ರೆ ಒಬ್ಬೊಬ್ರಿಗೂ ಒಂದೊಂದು ಕೆಲಸ ಕೊಡ್ಬೇಕು, ಅದೂ ಲಾಂಚ್ ಆದ್ಮೇಲಲ್ಲ, ಕಡೇಪಕ್ಷ ಒಂದು ವಾರ ಮುಂಚೆ.

ಸಕಲೇಶಪುರದ ಕಡೆ ಕಾಫಿ ತೋಟದೊಳಗಿನ ಒಂದು ಹೋಂಸ್ಟೇಗೆ ಸೈಟ್ ಮಾಡ್ತಿದೀರ ಅಂದ್ಕೊಳ್ಳಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರ್ಬೇಕು, ತೋಟದ ಫೋಟೋಗಳು, ರೂಮ್ ರೇಟು, ಬುಕಿಂಗ್ ವಿಚಾರಿಸೋ ಫಾರ್ಮು, ವಾಟ್ಸಾಪ್ ಬಟನ್ನು. ಬೇರೆಯವರಿಗೆ ತೋರಿಸೋಕೆ ಮೊದಲು ಓನರ್ ಹತ್ರ ಒಂದು ಮಾತು ಕೇಳಿ, "ಸರ್, ನಮ್ಮ ಫ್ರೆಂಡ್ಸ್ ಮೂರ್ನಾಲ್ಕು ಜನ ಚೆಕ್ ಮಾಡ್ತಾರೆ, ಪರವಾಗಿಲ್ವಾ" ಅಂತ. ಸೈಟ್ ಅವರ ವ್ಯಾಪಾರದ್ದು, ರೇಟ್ ಇನ್ನೂ ಫೈನಲ್ ಆಗಿರಲ್ಲ. ಆಮೇಲೆ ಪರೀಕ್ಷೆಗೆ ಅಂತಲೇ ಇರೋ ಸ್ಟೇಜಿಂಗ್ ಸಬ್‌ಡೊಮೇನಲ್ಲಿ ಹಾಕಿ, ಪಾಸ್‌ವರ್ಡ್ ಇಡಿ, ಜೊತೆಗೆ ಸರ್ಚಲ್ಲಿ ತೋರಿಸ್ಬೇಡಿ ಅನ್ನೋ ನೋಇಂಡೆಕ್ಸ್ ಟ್ಯಾಗೂ ಇರ್ಲಿ, ಇಲ್ಲಾಂದ್ರೆ ಅರ್ಧಂಬರ್ಧ ಪೇಜ್ ಗೂಗಲ್‌ನಲ್ಲಿ ಕೂತ್ಬಿಡತ್ತೆ.

ಈಗ ಕೆಲಸ ಹಂಚೋದು. ಒಬ್ರಿಗೆ "ಮುಂದಿನ ಶನಿವಾರಕ್ಕೆ ಇಬ್ರಿಗೆ ಒಂದು ರೂಮ್ ಕೇಳಿ, ಫೋನಲ್ಲೇ ಸೈಟ್ ತೆಗೆದು ಫಾರ್ಮ್ ತುಂಬಿ" ಅನ್ನಿ. ಇನ್ನೊಬ್ರಿಗೆ ಕನ್ನಡ ಪೇಜುಗಳು ಮಾತ್ರ. ಮತ್ತೊಬ್ರಿಗೆ ಸ್ಪೀಡ್ ಮತ್ತೆ ಕೋಡು, ಮೌಸ್ ಮುಟ್ಟದೆ ಟ್ಯಾಬ್ ಕೀಲೇ ಫಾರ್ಮ್ ಪೂರ್ತಿ ಮಾಡೋಕಾಗತ್ತಾ ಅನ್ನೋದೂ ಅವರೇ ನೋಡ್ಲಿ. ಅವರು ನೋಡೋವಾಗ ನೀವು ಪಕ್ಕ ಕೂತು "ಅಲ್ಲಿ ಒತ್ತು, ಮೇಲೆ ಮೆನು ಇದೆ" ಅಂತ ಹೇಳ್ಬೇಡಿ, ಸ್ಕ್ರೀನ್ ರೆಕಾರ್ಡ್ ಮಾಡಿ ಕಳ್ಸೋಕೆ ಹೇಳಿ ಸಾಕು. ಎಲ್ಲಿ ಬೆರಳು ನಿಲ್ಲತ್ತೋ ಅಲ್ಲಿ ಏನೋ ಸರಿಯಿಲ್ಲ, ಬಾಯಲ್ಲಿ ಅವರು ಚೆನ್ನಾಗಿದೆ ಅಂದ್ರೂ ಸರಿ.

ಕನ್ನಡ ಪೇಜಿನ ವಿಷಯ ಸ್ವಲ್ಪ ಉದ್ದಕ್ಕೇ ಹೇಳ್ಬೇಕು, ಯಾಕಂದ್ರೆ ಜಾಸ್ತಿ ಬಗ್ ಇರೋದೇ ಇಲ್ಲಿ, ಕನ್ನಡ ಓದೋ ಡೆವಲಪರ್ ಒಬ್ರು ನೋಡದೆ ಇದ್ರೆ ಟೂಲುಗಳು ಇದರಲ್ಲಿ ಬಹಳಷ್ಟನ್ನ ಹಿಡಿಯಲ್ಲ. ಓನರ್ ಕೊಟ್ಟ ಬರಹ ಹಳೇ ನುಡಿ ಫಾಂಟಲ್ಲಿ ಟೈಪ್ ಆಗಿದ್ರೆ ಅದು ಯೂನಿಕೋಡ್ (ಎಲ್ಲ ಕಡೆ ಕನ್ನಡವಾಗೇ ಕಾಣೋ ಅಕ್ಷರ ಸಂಕೇತ) ಅಲ್ಲ, ಹಂಗೇ ಪೇಸ್ಟ್ ಮಾಡಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರತ್ತೆ, ಕನ್ವರ್ಟ್ ಮಾಡ್ಬೇಕು, ಮಾಡಿದ್ಮೇಲೆ ಒಂದ್ಸಲ ಕಣ್ಣಲ್ಲಿ ಓದ್ಬೇಕು, ಕನ್ವರ್ಟರ್ ಒತ್ತಕ್ಷರದಲ್ಲೂ ಅರ್ಕಾವತ್ತಿನಲ್ಲೂ ತಪ್ಪತ್ತೆ. ಲೈನ್ ಹೈಟ್ (ಸಾಲಿನ ಎತ್ತರ ಅಕ್ಷರದ ಸೈಜಿನ ಎಷ್ಟು ಪಟ್ಟು ಅನ್ನೋದು) ಇಂಗ್ಲಿಷಿಗೆ ಇಟ್ಟಂಗೆ 1.2 ಇಟ್ರೆ "ರಾಷ್ಟ್ರ", "ಲಕ್ಷ್ಮಿ" ಥರದ ಪದದ ಒತ್ತು ಕೆಳಗಿನ ಸಾಲಿಗೆ ತಾಗತ್ತೆ, ಬಟನ್ ಒಳಗಿದ್ರೆ ಕತ್ತರಿಸೇ ಹೋಗತ್ತೆ, 1.6 ಇಂದ ಶುರು ಮಾಡಿ ನೋಡಿ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ಮಧ್ಯೆ ಹೆಚ್ಚುವರಿ ಜಾಗ) ಕನ್ನಡಕ್ಕೆ ಬೇಡವೇ ಬೇಡ. ಇನ್ನು "ಮುಂದೆ ಓದಿ" ಕಾರ್ಡುಗಳಲ್ಲಿ ಜಾವಾಸ್ಕ್ರಿಪ್ಟ್ ಸ್ಲೈಸ್ ಹಾಕಿ ನೂರನೇ ಕ್ಯಾರೆಕ್ಟರಿಗೆ ಕತ್ತರಿಸಿದ್ರೆ "ಕೊ" ಇದ್ದದ್ದು "ಕ" ಆಗಿ ನಿಂತ್ಬಿಡಬಹುದು, ಅದಕ್ಕೆ ಅಕ್ಷರ ಒಡೀದೆ ಕತ್ತರಿಸೋಕೆ ಸಹಾಯ ಮಾಡೋ ಇಂಟ್ಲ್ ಸೆಗ್ಮೆಂಟರ್ (Intl.Segmenter) ಬಳಸಿ. "ವೆಬ್‌ಸೈಟ್" ಅಂತ ಬರೆದಿದ್ದು "ವೆಬ್ಸೈಟ್" ಆಗಿ ಕಾಣಿಸ್ತಿದ್ರೆ ಮಧ್ಯದಲ್ಲಿದ್ದ ಕಣ್ಣಿಗೆ ಕಾಣದ ಕ್ಯಾರೆಕ್ಟರನ್ನ ನಿಮ್ಮ ಎಡಿಟರೋ ಬರಹ ಶುದ್ಧ ಮಾಡೋ ಸ್ಯಾನಿಟೈಸರೋ ಕಿತ್ತುಹಾಕಿದೆ ಅಂತ ಅರ್ಥ. ಹೆಚ್‌ಟಿಎಂಎಲ್‌ನ ಲ್ಯಾಂಗ್ ಅಟ್ರಿಬ್ಯೂಟ್ (ಪೇಜಿನ ಭಾಷೆ ಹೇಳೋ ಗುರುತು) ಕನ್ನಡದ ಕೋಡಿಗೆ ಇಡಿ, ಆಗ ಕಣ್ಣು ಕಾಣದವರಿಗೆ ಪೇಜ್ ಓದಿ ಹೇಳೋ ಸ್ಕ್ರೀನ್ ರೀಡರ್ ಸರಿಯಾದ ದನಿಗೆ ಬದಲಾಗತ್ತೆ.

ಸ್ಪೀಡ್ ನೋಡೋರಿಗೆ ಆಫೀಸ್ ವೈಫೈ ಬೇಡ. ಬುಕ್ ಮಾಡೋರು ಘಾಟಿ ದಾರಿಲಿ ಬಸ್ಸಲ್ಲಿ ಕೂತು ಸಿಗ್ನಲ್ ಬಂದಷ್ಟು ಹೊತ್ತಲ್ಲಿ ನೋಡ್ತಿರ್ತಾರೆ. ಕ್ರೋಮ್ ಬ್ರೌಸರ್ ಒಳಗಿರೋ ಡೆವ್‌ಟೂಲ್ಸಲ್ಲಿ ನೆಟ್‌ವರ್ಕ್ ಸ್ಲೋ ಮಾಡಿ ನೋಡ್ಲಿ, ಮುಖ್ಯ ಫೋಟೋ 2.5 ಸೆಕೆಂಡಿನೊಳಗೆ ಕಾಣಿಸ್ಬೇಕು, ಗೂಗಲ್ ಎಲ್‌ಸಿಪಿಗೆ (ಪೇಜಿನ ದೊಡ್ಡ ಭಾಗ ಕಾಣೋಕೆ ಹಿಡಿಯೋ ಹೊತ್ತು) ಇಟ್ಟಿರೋ ಗುರಿನೂ ಅದೇ. ಕ್ಯಾಮೆರಾದಿಂದ ಬಂದ ಫೋಟೋನ ಹಂಗೇ ಹಾಕಿದ್ರೆ ಇದು ಆಗೋದಿಲ್ಲ, ಸೈಜ್ ಇಳಿಸಿ, ಕಡಿಮೆ ತೂಕದ ಫಾರ್ಮ್ಯಾಟ್ ಆದ ವೆಬ್‌ಪಿ ಮಾಡಿ, ಫೋಟೋ ಹತ್ರ ಸ್ಕ್ರಾಲ್ ಮಾಡಿದಾಗಷ್ಟೇ ಅದನ್ನ ತರೋ ಲೇಜಿ ಲೋಡಿಂಗ್‌ನ ಕೆಳಗಿನ ಫೋಟೋಗಳಿಗಷ್ಟೇ ಇಡಿ, ಮೇಲಿನ ದೊಡ್ಡ ಫೋಟೋಗೆ ಇಟ್ರೆ ಅದೇ ಲೇಟಾಗತ್ತೆ.

ಬಂದ ಮಾತುಗಳನ್ನೆಲ್ಲ ಒಂದು ಶೀಟಲ್ಲಿ ಬರ್ಕೊಳ್ಳಿ. ಫಾರ್ಮ್ ಹೋಗ್ತಿಲ್ಲ, ನಂಬರ್ ಒತ್ತಿದ್ರೆ ಕಾಲ್ ಹೋಗಲ್ಲ, ಅಕ್ಷರದ ಬಣ್ಣ ಹಿನ್ನೆಲೆ ಜೊತೆ ಸೇರ್ಕೊಂಡು ಓದೋಕಾಗಲ್ಲ ಅಂದ್ರೆ ವಾದ ಬೇಡ, ಸರಿ ಮಾಡಿ. ಬಣ್ಣದ ವಿಷಯಕ್ಕೆ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಅನ್ನೋ ಲೆಕ್ಕ ಇದೆ, ಅಳೆದು ನೋಡ್ಬಹುದು. "ನಾನಾಗಿದ್ರೆ ರಿಯಾಕ್ಟಲ್ಲಿ ಮಾಡ್ತಿದ್ದೆ", "ಹಸಿರು ಸ್ವಲ್ಪ ಹಳೇ ಥರ" ಅನ್ನೋದೆಲ್ಲ ರುಚಿಯ ಮಾತು, ಕೇಳಿ ಥ್ಯಾಂಕ್ಸ್ ಹೇಳಿ ಬಿಡಿ. ರೂಮ್ ಬುಕ್ ಮಾಡೋರು ಡೆವಲಪರ್‌ಗಳಲ್ಲ, ಹಸಿರು ಬೇಕಾ ಬೇಡ್ವಾ ಅಂತ ಓನರ್ ಹೇಳ್ಬೇಕು. ಆದ್ರೆ ಇಬ್ರು ಬೇರೆಬೇರೆಯಾಗಿ ಒಂದೇ ಜಾಗದಲ್ಲಿ ತಡವರಿಸಿದ್ರೆ ಅದು ಡಿಸೈನಿನದ್ದೇ ತೊಂದರೆ, ಅದನ್ನ ಮೊದಲು ತಗೊಳ್ಳಿ. ಸರಿ ಮಾಡಿದ್ದನ್ನ ಹೇಳಿದವರಿಗೇ ವಾಪಸ್ ತೋರ್ಸಿ.

ಲಾಂಚ್‌ಗೆ ಶುಕ್ರವಾರ ಸಂಜೆ ಬೇಡ, ಹೋಂಸ್ಟೇಗೆ ಬೆಂಗಳೂರಿಂದ ಜನ ಹೊರಡೋ ಹೊತ್ತದು. ಮಂಗಳವಾರ ಬೆಳಿಗ್ಗೆ ಒಳ್ಳೇದು. ಹಿಂದಿನ ದಿನಾನೇ, ಡೊಮೇನ್ ವಿಳಾಸವನ್ನ ಬೇರೆ ಸರ್ವರುಗಳು ಎಷ್ಟು ಹೊತ್ತು ನೆನಪಿಡ್ಬೇಕು ಅನ್ನೋ ಡಿಎನ್‌ಎಸ್ ಟಿಟಿಎಲ್‌ನ 300 ಸೆಕೆಂಡಿಗೆ ಇಳಿಸಿಡಿ, ಏನಾದ್ರೂ ಕೆಟ್ರೆ ಹಳೇ ಸೈಟಿಗೆ ಬೇಗ ವಾಪಸ್ ಹೋಗ್ಬಹುದು. ನೇಮ್‌ಸರ್ವರ್ (ಡೊಮೇನ್ ದಾಖಲೆಗಳಿರೋ ಸರ್ವರ್) ಬದಲಾಯಿಸ್ತಿದ್ರೆ ಮೇಲ್ ಎಲ್ಲಿಗೆ ಹೋಗ್ಬೇಕು ಅನ್ನೋ ಎಂಎಕ್ಸ್ ರೆಕಾರ್ಡ್ ಮರೀದೆ ಕಾಪಿ ಮಾಡಿ, ಅದು ಬಿಟ್ಟೋದ್ರೆ ಸೈಟ್ ಚೆನ್ನಾಗೇ ಕಾಣ್ತಿರತ್ತೆ, ಆದ್ರೆ ಓನರಿಗೆ ಮೇಲ್ ಬರೋದು ನಿಂತಿರತ್ತೆ. ಹಳೇ ಪೇಜಿನ ವಿಳಾಸಕ್ಕೆ ಬಂದವರು ಹೊಸ ಪೇಜಿಗೇ ಹೋಗೋ ಹಂಗೆ 301 ರೀಡೈರೆಕ್ಟ್ ಹಾಕಿ, ನೋಇಂಡೆಕ್ಸ್ ತೆಗೀರಿ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ (https ವಿಳಾಸಕ್ಕೆ ಬೇಕಾದ್ದು) ಸಾಮಾನ್ಯವಾಗಿ 90 ದಿನದ್ದು, ತಾನಾಗೇ ರಿನ್ಯೂ ಆಗೋ ಹಂಗೆ ಇದ್ಯಾ ಅಂತ ಅವತ್ತೇ ನೋಡಿ.

ಲೈವ್ ಆದ್ಮೇಲೆ ಆ ಫ್ರೆಂಡ್ಸಿಗೇ ಇನ್ನೊಂದ್ಸಲ ಹೇಳಿ, ಈ ಸಲ ಹತ್ತು ನಿಮಿಷದ ಕೆಲಸ. ಒಬ್ರು ನಿಜವಾದ ಫಾರ್ಮ್ ಕಳಿಸ್ಲಿ, ಅದು ಓನರ್ ಇನ್‌ಬಾಕ್ಸಿಗೆ ಬಂತಾ ಸ್ಪ್ಯಾಮಿಗೆ ಹೋಯ್ತಾ ನೋಡಿ, ಸ್ಪ್ಯಾಮಿಗೆ ಹೋದ್ರೆ ಎಸ್‌ಪಿಎಫ್, ಡಿಕಿಮ್ ರೆಕಾರ್ಡ್ (ಮೇಲ್ ಅಸಲಿ ಅಂತ ತೋರ್ಸೋ ಡೊಮೇನ್ ದಾಖಲೆಗಳು) ಸರಿ ಮಾಡ್ಬೇಕು. ಇನ್ನೊಬ್ರು ಲಿಂಕ್‌ನ ವಾಟ್ಸಾಪಲ್ಲಿ ಕಳಿಸಿ ಫೋಟೋ, ಹೆಸರು ಸರಿಯಾಗಿ ಬರತ್ತಾ ನೋಡ್ಲಿ, ಸ್ಟೇಜಿಂಗಲ್ಲಿ ಪಾಸ್‌ವರ್ಡ್ ಇದ್ದಿದ್ದಕ್ಕೆ ಇದನ್ನ ಮುಂಚೆ ಚೆಕ್ ಮಾಡೋಕಾಗಿರಲ್ಲ. ಗೂಗಲ್ ಸರ್ಚಲ್ಲಿ ಸೈಟ್ ಹೇಗೆ ಬರ್ತಿದೆ ಅಂತ ತೋರ್ಸೋ ಸರ್ಚ್ ಕನ್ಸೋಲಿಗೆ ಪೇಜುಗಳ ಪಟ್ಟಿಯಾದ ಸೈಟ್‌ಮ್ಯಾಪ್ ಕೊಡಿ.

ಕೊನೇದಾಗಿ ಓನರ್ ಹತ್ರ ಕೂತ್ಕೊಂಡು ಡೊಮೇನ್, ಹೋಸ್ಟಿಂಗ್ ಎರಡೂ ಅವರ ಹೆಸರಲ್ಲಿ, ಅವರ ಮೇಲ್ ಐಡಿಲಿ ಇದೆ ಅನ್ನೋದನ್ನ ತೋರಿಸಿ. ನಿಮ್ಮ ಅಕೌಂಟಲ್ಲಿ ತಗೊಂಡಿದ್ರೆ ಈಗ್ಲೇ ವರ್ಗಾಯಿಸಿ. ರಿನ್ಯೂವಲ್ ದಿನಾಂಕನ ಅವರ ಫೋನ್ ಕ್ಯಾಲೆಂಡರಲ್ಲಿ ಒಂದು ತಿಂಗಳು ಮುಂಚಿತವಾಗಿ ಹಾಕಿಕೊಟ್ಟು, ರೂಮ್ ರೇಟ್ ಬದಲಾಯಿಸೋದು ಹೇಗೆ ಅಂತ ಅವರ ಕೈಲೇ ಒಂದ್ಸಲ ಮಾಡಿಸಿ.