ಎರೆ ಹೊಲದಲ್ಲಿ ಚೌಕುಮಡಿ: ನನ್ನ ಅನುಭವ

2023ರ ಬರದಲ್ಲಿ ವಿಜಯಪುರ ಜಿಲ್ಲೆಯ ನಮ್ಮ ಊರಿನ ಬಹುತೇಕ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಬಿಳಿಜೋಳ ತೆನೆ ಹೊರಬರುವ ಮೊದಲೇ ಹೊಡೆಯಲ್ಲಿ ಒಣಗಿ ಕಣಿಕೆಗಷ್ಟೇ (ದನಗಳ ಒಣ ಮೇವಿಗಷ್ಟೇ) ಉಳಿದಾಗ, ಮಳೆನೀರು ಅಲ್ಲಿಯೇ ಇಂಗಲೆಂದು ಸಣ್ಣ ದಿಂಡು (ಮಣ್ಣಿನ ಬದು) ಹಾಕಿ ಹೊಲವನ್ನು ಚೌಕಗಳಾಗಿ ಮಾಡುವ ಚೌಕುಮಡಿ ಕಟ್ಟಿದ್ದ ನನ್ನ ಆರು ಎಕರೆಯಲ್ಲಿ ಎಕರೆಗೆ ಸುಮಾರು ಐದು ಕ್ವಿಂಟಾಲ್ ಮಾಲದಂಡಿ ತಳಿಯ ಜೋಳ ಬಂದಿತು. ಮಡಿ ಕಟ್ಟಿದರೆ ನೀರು ನಿಂತು ಕಸ (ಕಳೆ) ಹೆಚ್ಚುತ್ತದೆ, ಕುಂಟೆಯಿಂದ ಹರಗಲು ಬಾರದೆ ಬಿತ್ತನೆಯ ಹದ ತಪ್ಪುತ್ತದೆ ಎಂದು ನಾಲ್ಕು ವರ್ಷ ಬುದ್ಧಿ ಹೇಳಿದ ನಮ್ಮ ಅಣ್ಣನವರೇ ಮರುವರ್ಷ ಮೃಗಶಿರಾ ಮಳೆಯಾದ ಮೇಲೆ ಬಂದು ನನ್ನ ಮಡಿ ಕಟ್ಟುವ ಸಾಧನವನ್ನು ಒಯ್ದರು.

ಅವರ ಆಕ್ಷೇಪ ಸುಳ್ಳಾಗಿರಲಿಲ್ಲ. 2019ರಲ್ಲಿ ಬಾಡಿಗೆ ಉಳಿಸುವ ಆಸೆಯಿಂದ ಮಡಿಗಳನ್ನು 30 ಅಡಿ ಚೌಕಕ್ಕೆ ಹಾಕಿಸಿದೆ. ಒಂದು ದೊಡ್ಡ ಮಳೆಗೆ ಮೇಲಿನ ದಿಂಡು ಒಡೆದು, ಅದರ ನೀರಿನ ರಭಸಕ್ಕೆ ಕೆಳಗಿನವೆಲ್ಲ ಸಾಲಾಗಿ ಒಡೆದು, ಮೊದಲೇ ಇದ್ದ ಕೊರಕಲು ಮೊಣಕಾಲುದ್ದವಾಯಿತು. ಟ್ರ್ಯಾಕ್ಟರ್ ಬಾಡಿಗೆ ಐದಾರು ಸಾವಿರ ಹೋದುದಕ್ಕಿಂತ, ಹಿಂದಿನ ಬೇಸಿಗೆಯಲ್ಲಿ ಹೇರಿಸಿದ್ದ ತಿಪ್ಪೆಗೊಬ್ಬರ ಹಳ್ಳಕ್ಕೆ ಹೋದುದು ನನಗೆ ಹೆಚ್ಚು ನೋವು ಕೊಟ್ಟಿತು. 2020ರಲ್ಲಿ ಮಡಿಗಳನ್ನು ಹತ್ತು ಅಡಿಗೆ ಇಳಿಸಿ ದಿಂಡುಗಳನ್ನು ಗಟ್ಟಿ ಮಾಡಿದೆ. ಆ ವರ್ಷ ಮಳೆ ಬಿಡದೆ ಸುರಿದು ನೀರು ಇಂಗಲೇ ಇಲ್ಲ. ಹದ ಸಿಗದೆ ತಡವಾಗಿ ಸ್ವಾತಿ ಮಳೆಯಲ್ಲಿ ಬಿತ್ತಿದ ಜೋಳ ಎಕರೆಗೆ ಎರಡೂವರೆ ಕ್ವಿಂಟಾಲ್ ದಾಟಲಿಲ್ಲ.

ಈಗ ಸಾಮಾನ್ಯ ಇಳಿಜಾರಿಗೆ 15 ಅಡಿ, ಕೆಳಗಿನ ಪಟ್ಟಿಗೆ 12 ಅಡಿ ಇಟ್ಟಿದ್ದೇನೆ, ದಿಂಡು ಒಂದು ಗೇಣಿಗಿಂತ ಎತ್ತರವಿಲ್ಲ. ಹೆಚ್ಚಾದ ನೀರು ಮಣ್ಣು ಕೀಳದೆ ಇಳಿಯಲು ದಿಂಡಿಗೆ ಗಂಡಿ ಬಿಡುತ್ತೇನೆ. ಅದನ್ನು ಎಲ್ಲಿ ಬಿಡಬೇಕು, ಯಾವ ಮಳೆಗೆ ಮುಚ್ಚಬೇಕು ಎಂಬುದನ್ನು ಹೊಲಕ್ಕೆ ಬಂದವರಿಗಷ್ಟೇ ತೋರಿಸುತ್ತೇನೆ, ಏಕೆಂದರೆ ಅದನ್ನು ಕಲಿಯಲು ನನಗೆ ಎರಡು ಬೆಳೆ ಹೋಗಿವೆ. ಹುಬ್ಬಾ ಮಳೆಯ ನಂತರ ಹದ ನೋಡಿ ಒಂದೇ ಸಲ ಹರಗಿ ದಿಂಡುಗಳನ್ನು ಮುರಿಯುತ್ತೇನೆ. ಮಡಿಯಲ್ಲಿ ಹುಟ್ಟಿದ ಕಸವೂ ಅದರಲ್ಲಿಯೇ ಮಣ್ಣಿಗೆ ಸೇರುತ್ತದೆ.

2023ರಲ್ಲಿ ಪುಷ್ಯ ಮಳೆ ಬಿಟ್ಟರೆ ನಮಗೆ ಹೇಳಿಕೊಳ್ಳುವಂತಹ ಮಳೆ ಸಿಗಲಿಲ್ಲ. ಬಿತ್ತುವ ಮೊದಲು ಮಣ್ಣಿನ ಹಸಿ ಎಷ್ಟು ಆಳವಿದೆ ಎಂದು ಕಬ್ಬಿಣದ ಸಲಾಕೆ ಒತ್ತಿ ನೋಡಿದಾಗ ನನ್ನ ಹೊಲದಲ್ಲಿ ಅದು ಎರಡು ಅಡಿಗೂ ಮೀರಿ ಇಳಿಯಿತು, ಅಣ್ಣನವರ ಹೊಲದಲ್ಲಿ ಒಂದು ಅಡಿಗೇ ನಿಂತಿತು. ಆ ಹಸಿಯನ್ನು ಉಳಿಸಲು ಕಸ ಇಲ್ಲದಿದ್ದರೂ ಬೆಳೆಯ ಸಾಲುಗಳ ನಡುವೆ ನಾಲ್ಕು ಸಲ ಎಡೆಕುಂಟೆ ಹೊಡೆದೆ. ಎರೆ ಭೂಮಿ ಬಾಯಿ ಬಿಟ್ಟ ಮೇಲೆ ಹೊಡೆದರೆ ಪ್ರಯೋಜನ ಕಡಿಮೆ, ಕೂದಲೆಳೆಯಷ್ಟು ಬಿರುಕು ಕಂಡಾಗಲೇ ಹೊಡೆಯಬೇಕು.

ನಡುವೆ 2021ರಲ್ಲಿ ಎರಡು ಎಕರೆಗೆ ಹಸಿರು ಗೊಬ್ಬರಕ್ಕೆಂದು ಸಣಬು ಹಾಕಿ, 45 ದಿನಕ್ಕೆ ಮಣ್ಣಿಗೆ ಸೇರಿಸಿದೆ. ಮಳೆ ಕೈಕೊಟ್ಟು ಕಡ್ಡಿ ಕೊಳೆಯಲಿಲ್ಲ, ಬಿತ್ತುವ ಕೂರಿಗೆಯ ತಾಳಿಗೆ ಸಿಕ್ಕಿಕೊಂಡಿತು, ಮೇಲಾಗಿ ಇದ್ದ ಹಸಿಯನ್ನೂ ಸಣಬೇ ಕುಡಿದಿತ್ತು. ಅಂದಿನಿಂದ ಹಸಿರು ಗೊಬ್ಬರವನ್ನು ಒಡ್ಡಿನ ಮೇಲಿನ ಗ್ಲಿರಿಸಿಡಿಯಾ ಗಿಡಗಳಿಂದಷ್ಟೇ ಪಡೆಯುತ್ತಿದ್ದೇನೆ. ಸೊಪ್ಪನ್ನು ಕಡಿದು ಮಡಿಯಲ್ಲಿ ಹರಡಿದರೆ ಸಾಕು, ಹೊಲದ ನೀರಿಗೆ ಅದು ಅಷ್ಟಾಗಿ ಪಾಲು ಕೇಳುವುದಿಲ್ಲ. ಮೇಲ್ಮಣ್ಣು ಹೊಲದಲ್ಲಿಯೇ ಉಳಿಯತೊಡಗಿದ ಮೇಲೆ ಎಕರೆಗೆ ಒಂದು ಚೀಲ ಹಾಕುತ್ತಿದ್ದ ಡಿಎಪಿ ರಾಸಾಯನಿಕ ಗೊಬ್ಬರವನ್ನು ಅರ್ಧ ಚೀಲಕ್ಕೆ ಇಳಿಸಿದೆ, ಇಳುವರಿ ಇಳಿಯಲಿಲ್ಲ.

ಮಡಿಯ ಖರ್ಚು ಎಕರೆಗೆ ಎಂಟುನೂರರಿಂದ ಸಾವಿರ ರೂಪಾಯಿ. ಬರದ ವರ್ಷ ಕಣಿಕೆಯೊಂದರಿಂದಲೇ ಎಕರೆಗೆ ಆರು ಸಾವಿರದ ಆಸುಪಾಸು ಬಂದು, ಎಲ್ಲ ವರ್ಷಗಳ ಬಾಡಿಗೆಯೂ ತೀರಿತು. ಕೆಳಗಿನ ಪಟ್ಟಿಯಲ್ಲಿ ಹಸಿ ಈಗ ಜೋಳಕ್ಕೆ ಬೇಕಾದುದಕ್ಕಿಂತ ಹೆಚ್ಚು ಕಾಲ ನಿಲ್ಲುವುದರಿಂದ ಅಲ್ಲಿ ಎರಡು ಎಕರೆ ಕಡಲೆ ಹಾಕಿದ್ದೇನೆ; ಒಂದೆರಡು ಮಡಿಗಳಲ್ಲಿ ಸಿಡಿ ರೋಗ (ಗಿಡ ಸೊರಗಿ ಒಣಗುವ ರೋಗ) ಕಾಣಿಸಿಕೊಂಡಿರುವುದರಿಂದ ಆ ಭಾಗದ ಗಂಡಿಗಳನ್ನು ಮುಂದಿನ ವರ್ಷ ಇನ್ನೂ ಎರಡು ಬೆರಳು ತಗ್ಗಿಸಬೇಕಾಗಿದೆ.