ಗುಬ್ಬಿ ಕಡೆಯ ಹೊಲದಲ್ಲಿ ಹೆಬ್ಬೇವು ಬೆಳೆಸಿದ್ದು

ಪ್ಲೈವುಡ್‌ಗೆಂದು ಬೆಳೆಸುವ ಹೆಬ್ಬೇವು ಮೂಲದಲ್ಲಿ ಬಯಲುಸೀಮೆಯ ಮರವಲ್ಲ, ಪಶ್ಚಿಮಘಟ್ಟದ ಮಳೆಕಾಡಿನದು. ಅಲ್ಲಿ ದೊಡ್ಡ ಮರ ಉರುಳಿ ಬಿಸಿಲು ನೆಲಕ್ಕೆ ಇಳಿದ ಜಾಗದಲ್ಲಿ ಹುಟ್ಟುತ್ತದೆ. ಸುತ್ತಲಿನ ಮರಗಳ ಜೊತೆ ಬೆಳಕಿಗೆ ಪೈಪೋಟಿ ಮಾಡುತ್ತಾ 60–70 ಅಡಿ ನೆಟ್ಟಗೆ ಏರುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿ ಕಡೆಯ ನಮ್ಮ ಹೊಲದಲ್ಲಿ ಅಂಥ ಕಾಡಿಲ್ಲ. ಹಾಗಾಗಿ ಅಲ್ಲಿ ಕಾಡೇ ಮಾಡುವ ಕೆಲಸವನ್ನೆಲ್ಲ ಇಲ್ಲಿ ನಾವೇ ಮಾಡಿದೆವು.

ಮೊದಲು ಬೀಜ. ಹಣ್ಣಿನೊಳಗಿನ ಓಟೆ ತುಂಬಾ ಗಟ್ಟಿ. ಹಾಗೇ ಬಿತ್ತಿದರೆ ನೂರಕ್ಕೆ 25 ಹುಟ್ಟುವುದೂ ಕಷ್ಟ. ಕಾಡಿನಲ್ಲಿ ಜಿಂಕೆಗಳು ಹಣ್ಣು ತಿಂದು, ಮೆಲುಕು ಹಾಕುವಾಗ ಓಟೆ ಉಗುಳುತ್ತವೆ. ಹೊಟ್ಟೆಯಲ್ಲಿ ನೆನೆದು ಬಂದ ಓಟೆ ಚೆನ್ನಾಗಿ ಮೊಳೆಯುತ್ತದೆ. ಮೇಕೆಯೂ ಇದೇ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಉದುರಿದ ಹಣ್ಣನ್ನು ಪಕ್ಕದ ಹಟ್ಟಿಯ ಅಜ್ಜನ ಮೇಕೆಗಳಿಗೆ ಹಾಕಿದೆವು. "ಬೆಳಿಗ್ಗೆ ರೊಪ್ಪ ಗುಡಿಸೋ ಹೊತ್ತಿಗೆ ಬಾರಪ್ಪ, ಆರಿಸ್ಕೊಂಡು ಹೋಗು" ಅಂದರು. ಸಾಲದೇ ಇದ್ದದ್ದಕ್ಕೆ ಇನ್ನಷ್ಟು ಓಟೆಗಳನ್ನು ಒಂದು ವಾರ ಹಸಿ ಸಗಣಿ ಬಗ್ಗಡದಲ್ಲಿ ನೆನೆಸಿ, ತೊಳೆದು, ಬಿಸಿಲು ಬೀಳುವ ಮರಳು ಮಡಿಯಲ್ಲಿ ಬಿತ್ತಿದೆ. ಒಂದೇ ಓಟೆಯಿಂದ ಎರಡು ಮೂರು ಸಸಿ ಬರುವುದೂ ಉಂಟು. ಬೇರ್ಪಡಿಸಿ ಚೀಲಕ್ಕೆ ಹಾಕಬಹುದು.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಹುಚ್ಚುಬೇವು ಅಂತ ಇದನ್ನೇ ಹೋಲುವ ಇನ್ನೊಂದು ಮರ ಇದೆ. ಅದರ ಹಣ್ಣು ದನ, ಮೇಕೆಗಳಿಗೆ ವಿಷ. ಹೆಬ್ಬೇವಿನ ಹಣ್ಣು ಹೆಚ್ಚುಕಡಿಮೆ ಅಡಿಕೆ ಗಾತ್ರ, ಹುಚ್ಚುಬೇವಿನದು ತೀರಾ ಚಿಕ್ಕದು. ಖಾತ್ರಿ ಇಲ್ಲದಿದ್ದರೆ ಮೇಕೆಗೆ ಹಾಕಲೇಬೇಡಿ.

ಇದರ ತವರಿನಲ್ಲಿ ವರ್ಷಕ್ಕೆ 1000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ತುಮಕೂರು ಜಿಲ್ಲೆಯಲ್ಲಿ 600–700ರ ಆಸುಪಾಸು. ಹಾಗಾಗಿ ಮುಂಗಾರಿನಲ್ಲಿ ನೆಟ್ಟರೂ ಮೊದಲ ಎರಡು ಬೇಸಿಗೆ ಡ್ರಿಪ್ ನೀರು ಕೊಟ್ಟೆ. ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ರೆಂಬೆ ಸವರುವುದು. ಹೊಲದಲ್ಲಿ ನಾಲ್ಕೂ ಕಡೆಯಿಂದ ಬೆಳಕು ಬೀಳುತ್ತದೆ, ಅಲ್ವಾ? ಮರಕ್ಕೆ ಮೇಲೇರುವ ಅವಸರವೇ ಇರುವುದಿಲ್ಲ, ಪಕ್ಕಕ್ಕೆ ಕವಲೊಡೆಯುತ್ತದೆ. ಬದುವಿನ ಸಾಲಿನಲ್ಲಂತೂ ಇದು ಇನ್ನೂ ಜಾಸ್ತಿ. ಪ್ಲೈವುಡ್ ಕಾರ್ಖಾನೆಯಲ್ಲಿ ದಿಮ್ಮಿಯನ್ನು ತಿರುಗಿಸುತ್ತಾ ತೆಳು ಹಾಳೆಯಾಗಿ ಸುಲಿಯುತ್ತಾರೆ. ರೆಂಬೆ ಬಲಿತ ಕಡೆ ಗಂಟು ಬಿದ್ದು ಹಾಳೆ ಕೆಡುತ್ತದೆ. ಅದಕ್ಕೇ ರೆಂಬೆ ಪೆನ್ಸಿಲ್ ದಪ್ಪ ಇರುವಾಗಲೇ ಕಾಂಡಕ್ಕೆ ಅಂಟಿದಂತೆ ಕತ್ತರಿಸುತ್ತೇನೆ. 20 ಅಡಿ ತನಕ ಕಾಂಡ ಬೋಳಾಗಿ, ನೆಟ್ಟಗೆ ಬರಬೇಕು. ಆದರೆ ಒಂದೇ ಸಲಕ್ಕೆ ಎಲ್ಲ ಸವರಬಾರದು. ತಲೆಯ ಹಸಿರು ಉಳಿದರೇ ಕಾಂಡ ದಪ್ಪವಾಗುವುದು. ಸವರಿದ ಸೊಪ್ಪು ಮೇಕೆಗಳಿಗೆ ಒಳ್ಳೆ ಮೇವು.

ಸಾಲುಗಳ ನಡುವೆ 15 ಅಡಿ ಬಿಟ್ಟಿದ್ದರಿಂದ ಮೊದಲೆರಡು ವರ್ಷ ರಾಗಿ ಬಂತು. ಆಮೇಲೆ ನೆರಳು ಕೂಡಿತು, ಹುರುಳಿಗೆ ಬದಲಾಯಿಸಿದೆ.

ಆರೇಳು ವರ್ಷಕ್ಕೆ ಎಕರೆಗೆ ಇಷ್ಟು ಲಕ್ಷ ಎನ್ನುವ ಮಾತು ಕೇಳಿ ಇಡೀ ಹೊಲಕ್ಕೆ ತುಂಬಬೇಡಿ, ಬದುವಿನಿಂದ ಶುರು ಮಾಡಿ ಎಂದೇ ನಾನು ಹೇಳುವುದು. ಬೆಲೆ ನಿಲ್ಲುವುದು ಸುತ್ತಳತೆಯ ಮೇಲೆ. ದಪ್ಪ ದಿಮ್ಮಿ ಪ್ಲೈವುಡ್‌ಗೆ, ಸಣ್ಣದು ಬೆಂಕಿಕಡ್ಡಿಗೆ, ಕಾಗದದ ತಿರುಳಿಗೆ, ಕೊನೆಗೆ ಸೌದೆಗೆ. ಕಡಿದ ಬುಡ ಮತ್ತೆ ಚಿಗುರುತ್ತದೆ. ಆ ಚಿಗುರುಗಳಲ್ಲಿ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದವನ್ನು ಎಳೆಯದಾಗಿರುವಾಗಲೇ ತೆಗೆದುಬಿಡಿ.