ಮಗು ಹಾಲು ಕಕ್ಕುತ್ತಿದೆಯೇ? ಔಷಧಿಗೆ ಮೊದಲು ಕುಡಿಸುವ ಬಗೆ ನೋಡಿ

ಅನ್ನನಾಳ ಹೊಟ್ಟೆಯನ್ನು ಸೇರುವಲ್ಲಿ ಉಂಗುರದಂಥ ಸ್ನಾಯುವೊಂದಿದೆ. ಹಾಲು ಕೆಳಗಿಳಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಹಸುಗೂಸಿನಲ್ಲಿ ಅದಿನ್ನೂ ಬಲಿತಿರುವುದಿಲ್ಲ, ಆಗಾಗ ತಾನಾಗಿ ಸಡಿಲಗೊಳ್ಳುತ್ತದೆ. ಕುಡಿಯುವುದು ಬರೀ ಹಾಲು, ಇರುವುದು ಮಲಗಿಕೊಂಡೇ. ಹೊಟ್ಟೆಯ ಹುಳಿಯೊಂದಿಗೆ ಹಾಲು ಮೇಲೆ ಬರುವುದು ಹೀಗೆ. ಹೆಚ್ಚಿನ ಮಕ್ಕಳಲ್ಲಿ 2 ತಿಂಗಳೊಳಗೆ ಶುರುವಾಗಿ, 4ನೇ ತಿಂಗಳ ಆಸುಪಾಸು ಜೋರಾಗಿ, ವರ್ಷ ತುಂಬುವಷ್ಟರಲ್ಲಿ ನಿಲ್ಲುತ್ತದೆ.

ಮೊದಲು ತೂಕ ನೋಡಿ. ಆರಂಭದ 3 ತಿಂಗಳಲ್ಲಿ ದಿನಕ್ಕೆ ಸರಾಸರಿ 20–30 ಗ್ರಾಂ ಏರುತ್ತಿದ್ದು, ದಿನಕ್ಕೆ 6 ಬಾರಿಯಾದರೂ ಉಚ್ಚೆ ಹೊಯ್ಯುತ್ತಿದ್ದು, ಕಕ್ಕಿದ ಮೇಲೂ ಮಗು ನಗುತ್ತಿದ್ದರೆ ಅದು ಕಾಯಿಲೆಯಲ್ಲ. ತಾಯಿ ಕಾರ್ಡಿನಲ್ಲಿ ತೂಕ ಬರೆಸುತ್ತಾ ಬನ್ನಿ. ಕುಡಿದದ್ದೆಲ್ಲ ಹೊರಬಂತು ಎನಿಸಿದರೆ ಒಣಬಟ್ಟೆಯ ಮೇಲೆ ಒಂದು ಟೀ ಚಮಚ, ಅಂದರೆ 5 ಮಿಲಿ, ಹಾಲು ಸುರಿದು ನೋಡಿ. ಆ ಕಲೆ ಎಷ್ಟಗಲ ಹರಡುತ್ತದೆ ಎಂದು ಕಂಡರೆ ಅರ್ಧ ಗಾಬರಿ ಇಳಿಯುತ್ತದೆ.

ಮುಂದಿನದು ಕುಡಿಸುವ ಕ್ರಮ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಮಗುವಿನ ಬಾಯಲ್ಲಿರಬೇಕು, ಗದ್ದ ತಾಯಿಯ ಎದೆಗೆ ತಾಗಿರಬೇಕು. ಹಿಡಿತ ಸಡಿಲವಾದರೆ ಹಾಲಿನೊಂದಿಗೆ ಗಾಳಿಯೂ ಒಳಹೋಗುತ್ತದೆ. ಅತ್ತು ಅತ್ತು ಸುಸ್ತಾಗುವವರೆಗೆ ಕಾಯಬೇಡಿ, ಅಳುವಾಗಲೂ ಮಗು ಗಾಳಿ ನುಂಗುತ್ತದೆ.

ಡಬ್ಬಿ ಹಾಲಾದರೆ ತಪ್ಪುವುದು ಹೆಚ್ಚಾಗಿ ಅಳತೆಯಲ್ಲಿ. ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿ ಸಾಕು. 5 ಕಿಲೋ ಮಗುವಿಗೆ 750 ಮಿಲಿ, 8 ಸಲಕ್ಕೆ ಹಂಚಿದರೆ ಒಂದು ಸಲಕ್ಕೆ ಹೆಚ್ಚುಕಡಿಮೆ 95 ಮಿಲಿ. ಬಾಟಲಿ ಖಾಲಿಯಾಗಲೇಬೇಕೆಂದು ಒತ್ತಾಯಿಸಿದರೆ ಮಿಕ್ಕಿದ್ದು ಮೇಲೆ ಬಂದೇ ಬರುತ್ತದೆ. ಪುಡಿಯನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸಿ, ನಿಪ್ಪಲ್ ತುಂಬ ಹಾಲಿರುವಂತೆ ಬಾಟಲಿ ಓರೆಯಾಗಿ ಹಿಡಿಯಿರಿ. ಒಳಲೆಯಲ್ಲಿ ಕುಡಿಸುವವರು ಮಗುವನ್ನು ಅಂಗಾತ ಮಲಗಿಸಿ ಸುರಿಯಲೇಬಾರದು. ತಲೆ ಎತ್ತರಿಸಿ, ನುಂಗಿದ್ದು ನೋಡಿಕೊಂಡು ಮುಂದಿನ ಗುಟುಕು ಕೊಡಬೇಕು.

ಕುಡಿಸುವ ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೇಗಿಸಿ. ಆಮೇಲೆ 20–30 ನಿಮಿಷ ಹೆಗಲಿಗೆ ಒರಗಿಸಿ ನೆಟ್ಟಗೆ ಎತ್ತಿಕೊಳ್ಳಿ. ಜೋಲಿಯಲ್ಲಿ ಅಥವಾ ಕಾರ್ ಸೀಟಿನಲ್ಲಿ ಕೂಡಲೇ ಹಾಕಿದರೆ ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ. ಬಿಗಿ ಡಯಾಪರ್ ಮಾಡುವುದೂ ಅದನ್ನೇ. ಎಣ್ಣೆ ತಿಕ್ಕಿ ನೀರೆರೆಯುವುದನ್ನು ಹಾಲು ಕುಡಿಸುವ ಮೊದಲೇ ಮುಗಿಸಿಕೊಳ್ಳಿ.

ಮಲಗಿಸುವುದು ಮಾತ್ರ ಸದಾ ಅಂಗಾತ, ಸಮತಟ್ಟು ಹಾಸಿಗೆಯ ಮೇಲೆ, ದಿಂಬಿಲ್ಲದೆ. ಅಂಗಾತ ಮಲಗಿಸಿದರೆ ಗಂಟಲಿಗೆ ಸಿಕ್ಕೀತೆಂಬ ಭಯ ಬಹಳ ಜನರಲ್ಲಿದೆ. ಆದರೆ ಆ ಭಂಗಿಯಲ್ಲಿ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಹಾಗಾಗಿ ಮೇಲೆ ಬಂದ ಹಾಲು ಅನ್ನನಾಳಕ್ಕೇ ಹಿಂದಿರುಗುತ್ತದೆ. ಬೋರಲು ಮಲಗಿಸಿದರೆ ನಿದ್ದೆಯಲ್ಲೇ ಹಠಾತ್ತಾಗಿ ಸಾವು ಸಂಭವಿಸುವ ಅಪಾಯ ಹೆಚ್ಚುತ್ತದೆ.

ಗ್ರೈಪ್ ವಾಟರ್, ತೇಯ್ದ ಬಜೆ ಬೇಡ. ಹಾಲು ಗಟ್ಟಿಯಾಗಲೆಂದು 6 ತಿಂಗಳೊಳಗೆ ರಾಗಿ ಸರಿಯೂ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬೇಡಿ. ಹುಳಿ ತಗ್ಗಿಸುವ ಔಷಧಿಯಿಂದ ಕಕ್ಕುವುದು ನಿಲ್ಲುವುದಿಲ್ಲ, ಬರುವ ಹಾಲಿನ ಹುಳಿ ಮಾತ್ರ ಕಡಿಮೆಯಾಗುತ್ತದೆ. ಸೋಂಕಿನ ಸಾಧ್ಯತೆಯೂ ಹೆಚ್ಚುತ್ತದೆ. ಮಲದಲ್ಲಿ ರಕ್ತ ಅಥವಾ ಮೈಮೇಲೆ ಇಸುಬು ಜೊತೆಗಿದ್ದರೆ ಹಸುವಿನ ಹಾಲಿನ ಅಲರ್ಜಿ ಇರಬಹುದು. ಆಗ ತಾಯಿ 2–4 ವಾರ ಹಾಲು, ಮೊಸರು ಬಿಟ್ಟು ನೋಡಲು ವೈದ್ಯರು ಹೇಳುತ್ತಾರೆ.

ಹಸಿರು ವಾಂತಿ, ರಕ್ತ ಬೆರೆತ ವಾಂತಿ, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ಜ್ವರ, ನೆತ್ತಿ ಉಬ್ಬುವುದು, ಮಂಕು ಬಡಿದಂತಿರುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. 2ರಿಂದ 8 ವಾರದ ಮಗು ಪ್ರತಿ ಸಲವೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಮತ್ತೆ ಹಸಿದು ಅಳುತ್ತಿದ್ದರೆ ಹೊಟ್ಟೆಯ ಹೊರದ್ವಾರ ಕಿರಿದಾಗಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು, ಕಾಯುವಂತಿಲ್ಲ. ತೂಕ ಏರದಿದ್ದರೆ, 6 ತಿಂಗಳ ನಂತರ ಹೊಸದಾಗಿ ಶುರುವಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ.